ಎರಡನೇ ಸಹಿ

ಮಾರ್ಚ್ 17

ಅತ್ತಿಗೆಗೆ,

ಬಂದು ತಲುಪಿದೆ, ಚೆನ್ನಾಗಿದ್ದೇನೆ, ಅಳಲಿಲ್ಲ. ಈ ಮೂರರಲ್ಲಿ ಒಂದು ಸುಳ್ಳು. ಯಾವುದು ಅಂತ ಅಣ್ಣನಿಗೆ ಮಾತ್ರ ಹೇಳಬೇಡಿ, ವರ್ಷಪೂರ್ತಿ ಆಡಿಕೊಂಡು ನಗುತ್ತಾನೆ.

ಈ ತರಬೇತಿ ಹಾಸ್ಟೆಲಿನಲ್ಲಿ ನಮ್ಮ ಫೋನುಗಳನ್ನೆಲ್ಲ ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಭಾನುವಾರ ಅರ್ಧ ಗಂಟೆ ಕೊಡುತ್ತಾರೆ. ಅದೂ ಕಚೇರಿಯ ಮೇಜಿನ ಪಕ್ಕದಲ್ಲೇ ನಿಂತು ಮಾತಾಡಬೇಕು, ಹಿಂದೆ ಹನ್ನೆರಡು ಹುಡುಗಿಯರು ಗಡಿಯಾರ ನೋಡುತ್ತಾ ನಿಂತಿರುತ್ತಾರೆ. ಅದಕ್ಕೇ ಈ ಪತ್ರ. ಕೇಸ್ ಶೀಟ್ ಬಿಟ್ಟು ಬೇರೇನಾದರೂ ಬರೆದು ಎಷ್ಟು ವರ್ಷವಾಯಿತೋ! ನೋಡಿ, ಮೇಲೆ ತಾರೀಖಿನ ಜೊತೆ ಟೈಮೂ ಹಾಕಲು ಹೊರಟಿದ್ದೆ.

ಕೋಣೆಯಲ್ಲಿ ಆರು ಮಂಚ, ಒಂದೇ ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ಬೆಳಿಗ್ಗೆ ಹೋಗಲಿರುವ ದೇಶದ ಭಾಷೆಯ ಪಾಠ, ಮಧ್ಯಾಹ್ನ ರಬ್ಬರ್ ಗೊಂಬೆಯ ಎದುರು ಪ್ರಾಕ್ಟಿಕಲ್. ಗೊಂಬೆಗೆ ನಮಸ್ಕಾರ ಹೇಳಬೇಕು, ಹೆಸರು ಕೇಳಬೇಕು, "ನಿಮ್ಮ ಕೈ ಮುಟ್ಟಬಹುದಾ?" ಅಂತ ಒಪ್ಪಿಗೆ ತೆಗೆದುಕೊಳ್ಳಬೇಕು. ನಮ್ಮ ವಾರ್ಡಿನಲ್ಲಿ ಹೀಗೆ ಮಾಡಿದ್ದರೆ ಹತ್ತನೇ ಹಾಸಿಗೆ ಮುಟ್ಟುವಷ್ಟರಲ್ಲಿ ಡ್ಯೂಟಿ ಮುಗಿಯುತ್ತಿತ್ತು. ಕೊನೆಯ ತಾಸು ಇಂಟರ್‌ವ್ಯೂ ಮೇಡಂದು. ಆಕೆ ಕನ್ನಡಕದ ಮೇಲಿಂದ ನೋಡುತ್ತಾ ಒಂದೇ ಮಾತು ಹೇಳುತ್ತಾರೆ: "ಉತ್ತರ ಗೊತ್ತಿರಲಿ ಬಿಡಲಿ, ತಡವರಿಸಬೇಡ್ರಮ್ಮ. ತಡವರಿಸಿದ್ರೆ ಸುಳ್ಳು ಅಂದ್ಕೊಳ್ತಾರೆ."

ಈಗ ಕೆಲಸದ ಮಾತು. ಆಸ್ಪತ್ರೆಯಿಂದ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಬೇಕು, ಸೀಲು ಹಾಕಿದ ಲಕೋಟೆಯಲ್ಲಿ. ಅದು ಬಾರದೆ ನನ್ನ ಫೈಲು ಒಂದಿಂಚೂ ಅಲ್ಲಾಡುವುದಿಲ್ಲ. ಮೇ ಮುಗಿಯುವುದರೊಳಗೆ ಫೈಲು ಪೂರ್ತಿಯಾಗಿ, ಜೂನಿನಲ್ಲಿ ಪರೀಕ್ಷೆ ಪಾಸಾದರೆ ಆಗಸ್ಟಿನಲ್ಲಿ ವಿಮಾನ. ನೀವು ವಾರ್ಡ್ ಇನ್‌ಚಾರ್ಜ್, ನಿಮ್ಮ ಮಾತನ್ನು ಕ್ಲರ್ಕ್ ತೆಗೆದುಹಾಕುವುದಿಲ್ಲ. ಸ್ವಲ್ಪ ಬೆನ್ನು ಹತ್ತಿ ಕಳಿಸಿ.

ಒಂಬತ್ತನೇ ಹಾಸಿಗೆಯ ಟೈಲರ್ ತಾತ ಹೇಗಿದ್ದಾರೆ? ಟೇಪ್ ಹಿಡಿಯದೆ ಬರೀ ಕಣ್ಣಳತೆಯಲ್ಲೇ ನನ್ನ ಭುಜ ಅಳೆದು, "ಆ ಚಳಿ ದೇಶಕ್ಕೆ ನಿಂಗೆ ಎರಡು ಪದರದ ಕೋಟು ಬೇಕಮ್ಮ" ಎಂದಿದ್ದರು. ಕೇಳಿದೆ ಅಂತ ಹೇಳಿ.

ನಿಮ್ಮ ಚೂಟಿ


ಮಾರ್ಚ್ 24

ಚೂಟಿ,

ಸರ್ಟಿಫಿಕೇಟ್ ಇದರ ಜೊತೆ ಇದೆ. ಲಕೋಟೆ ಒಡೆಯಬೇಡ, ಹಾಗೇ ಕೊಡು. ನೋಡಿಕೊಳ್ಳಲು ಒಂದು ನಕಲು ಬೇರೆ ಇಟ್ಟಿದ್ದೇನೆ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ನಿನ್ನ ಜಾಗಕ್ಕೆ ಯಾರೂ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ನಿಮ್ಮಣ್ಣನಿಗೆ ಗ್ಯಾರೇಜಿನಲ್ಲಿ ಕೆಲಸ ಜಾಸ್ತಿ, ಮಾತು ಕಡಿಮೆ. ಟೈಲರ್ ತಾತ ಮಲಗಿದ್ದಾರೆ.

ಭಾನುವಾರದ ಅರ್ಧ ಗಂಟೆಯಲ್ಲಿ ವಾರ್ಡಿನ ಹುಡುಗಿಯರಿಗೆ ಫೋನ್ ಮಾಡುತ್ತಾ ಕೂರಬೇಡ. ಅವರ ಹರಟೆ ನಿನಗೆ ಗೊತ್ತಲ್ಲ, ತಲೆ ಕೆಡಿಸುತ್ತಾರೆ. ಓದು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತಿಗೆ


ಮಾರ್ಚ್ 30

ಅತ್ತಿಗೆಗೆ,

ಇದೇನು ಪತ್ರವೋ ಡಿಸ್ಚಾರ್ಜ್ ಚೀಟಿಯೋ? ನಾಲ್ಕು ಸಾಲು! ತಾತನ ಬಗ್ಗೆ ಕೇಳಿದರೆ "ಮಲಗಿದ್ದಾರೆ" ಅಂತೆ. ರೋಗಿ ಮಲಗದೆ ಡಾನ್ಸ್ ಮಾಡುತ್ತಾನಾ?

ನಕಲು ನೋಡಿದೆ. ಒಂದು ತಪ್ಪಾಗಿದೆ. ನಾನು ರಿಲೀವ್ ಆದದ್ದು ಮಾರ್ಚ್ ಎಂಟು, ಶನಿವಾರ. ಇದರಲ್ಲಿ ಹನ್ನೊಂದು ಅಂತಿದೆ. ಹತ್ತನೇ ತಾರೀಖು ಸೋಮವಾರ ನಾನು ಪೊಲೀಸ್ ಸರ್ಟಿಫಿಕೇಟಿಗೆ ಬೆರಳಚ್ಚು ಕೊಡಲು ಬೆಳಿಗ್ಗೆಯಿಂದ ಸಂಜೆವರೆಗೆ ಸಾಲಿನಲ್ಲಿ ನಿಂತಿದ್ದೆನಲ್ಲ! ಮನೆಗೆ ಬಂದು ಕಾಲು ನೋವು ಅಂತ ಗೋಳಾಡಿದಾಗ ಬಿಸಿನೀರು ಕೊಟ್ಟವರೂ ನೀವೇ. ಕ್ಲರ್ಕ್ ಸಾಹೇಬರು ಯಾವ ಲೋಕದಲ್ಲಿದ್ದರೋ. ಇಲ್ಲಿ ತಾರೀಖಿನಲ್ಲಿ ಒಂದು ದಿನ ಆಚೀಚೆಯಾದರೂ ಫೈಲು ಹಿಂದಕ್ಕೆ ಬರುತ್ತದಂತೆ. ದಯವಿಟ್ಟು ಸರಿ ಮಾಡಿಸಿ ಇನ್ನೊಂದು ಕಳಿಸಿ. ಅಲ್ಲಿಯವರೆಗೆ ಲಕೋಟೆಯನ್ನು ನನ್ನ ಹತ್ತಿರವೇ ಇಟ್ಟುಕೊಂಡಿರುತ್ತೇನೆ.

ಚೂಟಿ


ಏಪ್ರಿಲ್ 5

ಚೂಟಿ,

ಆ ತಾರೀಖು ಹಾಗೇ ಇರಲಿ. ಮೂರು ದಿನ ಹೆಚ್ಚಿಗೆ ಬರೆದರೆ ನಿನಗೇನು ನಷ್ಟ? ಹಾಜರಿ ಪುಸ್ತಕದಲ್ಲೂ ಹಾಗೇ ಇದೆ. ಈಗ ತಿದ್ದಿಸಲು ಹೋದರೆ ಮೇಲಿನವರೆಗೂ ಕಡತ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಲಕೋಟೆ ಕೊಟ್ಟುಬಿಡು.

ಒಂದು ವಿಷಯ ಕೇಳಬೇಕಿತ್ತು. ಕೊನೆಯ ದಿನ ಇನ್ಸುಲಿನ್ ರಿಜಿಸ್ಟರ್‌ನಲ್ಲಿ ನೀನು ಎಷ್ಟು ಸಾಲಿಗೆ ಸಹಿ ಹಾಕಿದ್ದೆ, ನೆನಪಿದೆಯಾ? ಆಗ ಅಲ್ಲಿ ಬೇರೆ ಯಾರಾದರೂ ನೋಡುತ್ತಿದ್ದರಾ? ಅದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಿದ್ದೀಯಾ?

ಸುಮ್ಮನೆ ಕೇಳಿದೆ. ರಿಜಿಸ್ಟರ್ ಬದಲಾಯಿಸುತ್ತಿದ್ದೇವೆ.

ಅತ್ತಿಗೆ


ಏಪ್ರಿಲ್ 12

ಅತ್ತಿಗೆಗೆ,

ಸರಿ, ಲಕೋಟೆ ಕೊಟ್ಟೆ. ಫೈಲು ತೆಗೆದುಕೊಳ್ಳುವವನು ತಿರುಗಿಸಿಯೂ ನೋಡದೆ ಠಸ್ಸೆ ಒತ್ತಿದ. ನೀವು ಹೇಳಿದ್ದೇ ಸರಿ, ನಾನೇ ಗಾಬರಿ ಬಿದ್ದಿದ್ದೆ.

ಸಹಿಯ ವಿಷಯ. ಎಷ್ಟು ಸಾಲು ಅಂತ ಎಣಿಸಿದವರು ಯಾರು ಮಹರಾಯ್ತಿ! ಖಾಲಿ ಸಾಲುಗಳಿಗೆಲ್ಲ ಪುಟದ ಕೊನೆಯವರೆಗೂ ಹಾಕಿದೆ, ಹದಿನಾಲ್ಕೋ ಹದಿನೈದೋ ಇರಬೇಕು. ಹುಡುಗಿಯರು ಕೇಕ್ ಕತ್ತರಿಸಲು ಕರೆಯುತ್ತಿದ್ದರು, ನೀವೇ ಅಲ್ಲವೇ ಬಾಗಿಲಲ್ಲಿ ತಡೆದು, "ಇರು, ಪುಟ ತುಂಬಿಸಿ ಹೋಗು, ಹೊಸ ಹುಡುಗಿಗೆ ಇನ್ನೂ ಸಹಿ ಮಾಡೋ ಹಾಗಿಲ್ಲ" ಎಂದದ್ದು? ಬೇರೆ ಯಾರೂ ನೋಡಲಿಲ್ಲ. ನೋಡಿದ್ದರೂ ಏನು, ನಮ್ಮ ವಾರ್ಡಿನಲ್ಲಿ ಅದು ದಿನಾ ನಡೆಯುವುದೇ.

ಆದರೆ ಇಲ್ಲಿಗೆ ಬಂದ ಮೇಲೆ ಅದನ್ನು ನೆನೆದರೆ ನಾಚಿಕೆಯಾಗುತ್ತದೆ ಅತ್ತಿಗೆ. ಮೊನ್ನೆ ಅದೇ ಪಾಠ ಇತ್ತು. ಇಂಜೆಕ್ಷನ್ ಕೊಡುವವರದು ಮೊದಲ ಸಹಿ. ಪಕ್ಕದಲ್ಲಿ ನಿಂತು ಸೀಸೆ, ಸಿರಿಂಜು, ಅಳತೆ, ರೋಗಿಯ ಹೆಸರು ಎಲ್ಲ ಕಣ್ಣಾರೆ ನೋಡಿದವರದು ಎರಡನೇ ಸಹಿ. ಆ ದೇಶದಲ್ಲಿ ನೋಡದೆ ಸಹಿ ಹಾಕಿದರೆ ಮನೆಗೆ ಕಳಿಸುತ್ತಾರಂತೆ, ಎಲ್ಲೂ ಮತ್ತೆ ನರ್ಸ್ ಆಗಲು ಬಿಡುವುದಿಲ್ಲವಂತೆ. "ನಿಮ್ಮ ಆಸ್ಪತ್ರೇಲಿ ಹೇಗೆ?" ಎಂದು ಮೇಡಂ ಕೇಳಿದರು. "ನೋಡಿಯೇ ಹಾಕ್ತೀವಿ ಮೇಡಂ!" ಎಂದು ಮೂವತ್ತು ಜನ ಒಂದೇ ಕಂಠದಲ್ಲಿ ಹೇಳಿದೆವು. ಆಮೇಲೆ ಕೋಣೆಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಎಲ್ಲರದ್ದೂ ಅದೇ ಕಥೆ.

ತಾತನನ್ನು ಡಿಸ್ಚಾರ್ಜ್ ಮಾಡಿದರಾ? ಅವರ ಮಗಳು ಒಳ್ಳೆಯವಳು, ನನಗೆ ಬಟ್ಟೆಯ ಪರ್ಸ್ ಹೊಲಿದುಕೊಟ್ಟಿದ್ದಳು. ಸಿಕ್ಕರೆ ಕೇಳಿದೆ ಎನ್ನಿ.

ಚೂಟಿ


ಮೇ 2

ಅತ್ತಿಗೆಗೆ,

ಮೂರು ವಾರವಾಯಿತು. ಎರಡು ಭಾನುವಾರ ಫೋನ್ ಮಾಡಿದೆ. ಒಂದು ಸಲ ನೀವು ಸ್ನಾನಕ್ಕೆ ಹೋಗಿದ್ದೀರಿ ಎಂದ ಅಣ್ಣ, ಇನ್ನೊಂದು ಸಲ ಡ್ಯೂಟಿ ಎಂದ. ಇನ್‌ಚಾರ್ಜ್‌ಗೆ ಭಾನುವಾರ ಯಾವ ಡ್ಯೂಟಿ? "ಅತ್ತಿಗೆ ಯಾಕೋ ಸರಿಯಾಗಿ ಊಟ ಮಾಡ್ತಿಲ್ಲ ಕಣೇ" ಎಂದ.

ಮನಸ್ಸಿನಲ್ಲಿ ಇಟ್ಟುಕೊಂಡರೆ ನನಗೆ ಪಾಠ ತಲೆಗೆ ಹತ್ತುವುದಿಲ್ಲ, ಅದಕ್ಕೇ ಹೇಳಿಬಿಡುತ್ತೇನೆ. ನಾನು ಹೋಗುವುದು ನಿಮಗೆ ಇಷ್ಟವಿಲ್ಲ. ಅಮ್ಮ ತೀರಿಕೊಂಡ ವರ್ಷ ನಿಮ್ಮ ಕೈಯಲ್ಲೂ ವಿದೇಶಕ್ಕೆ ಹೋಗುವ ಇಂಥದೇ ಒಂದು ಫಾರಂ ಇತ್ತು, ನನ್ನ ಓದಿಗೋಸ್ಕರ ಅದನ್ನು ಹಾಗೇ ಬಿಟ್ಟಿರಿ ಅಂತ ಅಣ್ಣ ಒಂದು ಸಲ ಬಾಯಿಬಿಟ್ಟಿದ್ದ. ನಿಮ್ಮ ಋಣ ಈ ಜನ್ಮದಲ್ಲಿ ತೀರುವುದಲ್ಲ, ಗೊತ್ತು. ಆದರೆ ನಾನು ಹೊರಟ ಹೊತ್ತಿನಲ್ಲಿ ಹೀಗೆ ಮುಖ ತಿರುಗಿಸಿದರೆ ನಾನೇನು ಮಾಡಲಿ? ತಾರೀಖು ತಪ್ಪು ಬಂದಾಗಲೇ ಒಂದು ಕ್ಷಣ ಅನ್ನಿಸಿತ್ತು, ಫೈಲು ಹಿಂದಕ್ಕೆ ಬರಲಿ ಅಂತಲೇ ಹೀಗೆ ಮಾಡಿಸಿದಿರಾ ಅಂತ.

ಬರೆದ ಮೇಲೆ ಹೊಡೆದು ಹಾಕೋಣ ಅಂದುಕೊಂಡೆ. ನಮ್ಮ ಕೆಲಸದಲ್ಲಿ ಬರೆದದ್ದನ್ನು ಹೊಡೆದು ಹಾಕುವ ಹಾಗಿಲ್ಲವಲ್ಲ, ಇರಲಿ. ಉತ್ತರ ಬರೆಯಿರಿ. ಬೈದಾದರೂ ಬರೆಯಿರಿ.

ಚೂಟಿ


ಮೇ 7

ಚೂಟಿ,

ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸ್ವಲ್ಪ ಆರೋಗ್ಯ ಸರಿಯಿರಲಿಲ್ಲ. ಈಗ ಪರವಾಗಿಲ್ಲ. ರಜೆ ಹಾಕಿ ಮನೆಯಲ್ಲಿದ್ದೇನೆ. ಅಡುಗೆಮನೆ ಡಬ್ಬಗಳನ್ನೆಲ್ಲ ಇಳಿಸಿ, ತೊಳೆದು, ಮತ್ತೆ ಅಲ್ಲೇ ಇಡುತ್ತೇನೆ. ನಿಮ್ಮಣ್ಣ ಬಾಗಿಲಲ್ಲಿ ನಿಂತು ನೋಡಿ ಗ್ಯಾರೇಜಿಗೆ ಹೋಗುತ್ತಾನೆ.

ನಿನ್ನ ಕೆಲಸದ ದಾಖಲೆ ನೋಡುವವರು ಯಾರಾದರೂ ಅಲ್ಲಿಗೆ ಬಂದು ತಾರೀಖು ಕೇಳಿದರೆ, ಕಾಗದದಲ್ಲಿ ಏನಿದೆಯೋ ಅದನ್ನೇ ಹೇಳು. ಹೆಚ್ಚು ಮಾತು ಬೇಡ.

ಅತ್ತಿಗೆ


ಮೇ 13

ನನ್ನ ಅತ್ತಿಗೆಗೆ,

ನನ್ನ ನಾಲಿಗೆಗೆ ಬರೆ ಹಾಕಬೇಕು. ನೀವು ಅಲ್ಲಿ ಹುಷಾರಿಲ್ಲದೆ ಮಲಗಿರುವಾಗ ನಾನು ಏನೇನೋ ಬರೆದೆ. ಆ ಪತ್ರ ಹರಿದು ಒಲೆಗೆ ಹಾಕಿ. ಹೊಟ್ಟೆಗೆ ಹಾಕಿಕೊಳ್ಳಿ ಅಂತ ಕೇಳುವ ಮುಖವೂ ನನಗಿಲ್ಲ, ಆದರೂ ಕೇಳುತ್ತೇನೆ.

ಏನಾಗಿದೆ ನಿಮಗೆ? ಬಿಪಿ ನೋಡಿಸಿದಿರಾ? ಊರಿಗೆಲ್ಲ ಬುದ್ಧಿ ಹೇಳುತ್ತೀರಿ, ನಿಮ್ಮ ಮಾತ್ರೆ ಮಾತ್ರ ಡಬ್ಬಿಯಲ್ಲೇ ಉಳಿಯುತ್ತದೆ. ಡಬ್ಬ ತೊಳೆಯುವುದು ಸಾಕು, ಮಲಗಿ. ಪರೀಕ್ಷೆ ಮುಗಿದ ಮಾರನೆಯ ದಿನವೇ ಬಸ್ಸು ಹತ್ತುತ್ತೇನೆ. ಒಂದು ತಿಂಗಳು ನಿಮ್ಮನ್ನು ಮಂಚದಿಂದ ಇಳಿಯಲು ಬಿಡುವುದಿಲ್ಲ, ಅಣ್ಣನ ಕೈಯಲ್ಲಿ ಪಾತ್ರೆ ತೊಳೆಸುತ್ತೇನೆ.

ತಾರೀಖಿನ ಯೋಚನೆ ಬಿಡಿ. ಪಕ್ಕದ ಮಂಚದವಳನ್ನು ಕಳೆದ ವಾರ ದಾಖಲೆ ಪರಿಶೀಲನೆಯವರು ಬಂದು ಕೇಳಿಹೋದರು, ನನ್ನ ಸರದಿಯೂ ಬರಬಹುದು. ಹನ್ನೊಂದರವರೆಗೂ ಡ್ಯೂಟಿ ಮಾಡಿದ್ದೇನೆ ಎಂದರೆ ಮುಗಿಯಿತು. ನೀವು ಹೇಳಿದರೆ ಹನ್ನೊಂದೇಕೆ, ಮೂವತ್ತೊಂದರವರೆಗೂ ಮಾಡಿದ್ದೇನೆ ಅಂತೀನಿ.

ನಿಮ್ಮ ಚೂಟಿ


ಮೇ 19

ಚೂಟಿ,

ನಿನ್ನೆ ಭಾನುವಾರ ನಾನೇ ಫೋನ್ ಹಿಡಿದು ಕೂತಿದ್ದೆ. ಎಲ್ಲ ಹೇಳಿಬಿಡಬೇಕು ಅಂತ. ನೀನು "ಅತ್ತಿಗೆ, ಊಟ ಆಯ್ತಾ?" ಅಂದೆ. ನಾನು ಆಯ್ತು ಅಂದೆ, ಬಿಸಿಲು ಜಾಸ್ತಿ ಅಂದೆ, ಫೋನ್ ಇಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದು.

ಟೈಲರ್ ತಾತ ತೀರಿಕೊಂಡರು. ಏಪ್ರಿಲ್ ಹದಿನಾರಕ್ಕೆ. ಕೊಂದವಳು ನಾನು.

ನೀನು ಬೆರಳಚ್ಚು ಕೊಡಲು ಹೋಗಿದ್ದ ಆ ಸೋಮವಾರ, ಮಾರ್ಚ್ ಹತ್ತು. ವಾರ್ಡಿನಲ್ಲಿ ಮೂವತ್ತೆರಡು ರೋಗಿಗಳು, ನಾನು, ಹೊಸ ಹುಡುಗಿ. ನಮ್ಮ ಮಾಮೂಲಿ, ಎಂಎಲ್‌ಗೆ ನಲವತ್ತು ಯೂನಿಟ್ಟಿನ ಇನ್ಸುಲಿನ್ ಸೀಸೆ ಮುಗಿದು ಸ್ಟೋರಿನಿಂದ ನೂರರದ್ದು ಬಂದಿತ್ತು, ಅಂದರೆ ಅಷ್ಟೇ ಔಷಧದಲ್ಲಿ ಎರಡೂವರೆ ಪಟ್ಟು ಶಕ್ತಿ. ಸಿರಿಂಜು ಮಾತ್ರ ಹಳೆಯ ನಲವತ್ತರದ್ದೇ. ಸೀಸೆಯ ಮೇಲಿನ ಅಂಕಿ ನಾನು ನೋಡಲಿಲ್ಲ. ಇಪ್ಪತ್ತೆರಡು ವರ್ಷ ಪಳಗಿದ ಕೈ, ತಾನೇ ಇಪ್ಪತ್ತರ ಗೆರೆಗೆ ಎಳೆಯಿತು. ತಾತನ ಮೈಗೆ ಹೋದದ್ದು ಐವತ್ತು ಯೂನಿಟ್. ಪಕ್ಕದಲ್ಲಿ ಇನ್ನೊಬ್ಬರು ನಿಂತು ನೋಡಿದ್ದರೆ ಅಲ್ಲೇ ಕೈ ಹಿಡಿಯುತ್ತಿದ್ದರು. ಯಾರೂ ಇರಲಿಲ್ಲ. ರಿಜಿಸ್ಟರ್‌ನಲ್ಲಿ ನಿನ್ನ ಸಹಿ ಮೊದಲೇ ಇತ್ತು. ನಾನು ತಾರೀಖು, ಹಾಸಿಗೆ ನಂಬರು ಬರೆದು ಮುಂದೆ ಹೋದೆ.

ಅವರಿಗೆ ಆವತ್ತು ಊಟ ಸೇರಿರಲಿಲ್ಲ, ಎರಡು ತುತ್ತು ತಿಂದು ಮಲಗಿದರು. ಸುಸ್ತಾಗಿ ನಿದ್ದೆ ಹೋಗಿದ್ದಾರೆ ಎಂದು ನಾನೇ ಹೊದಿಕೆ ಎಳೆದು ಬಂದೆ. ನಾಲ್ಕು ಗಂಟೆಗೆ ಎಬ್ಬಿಸಿದರೆ ಏಳಲಿಲ್ಲ. ಗ್ಲುಕೋಸ್ ಏರಿಸಿದೆವು, ಏನೆಲ್ಲ ಮಾಡಿದೆವು. ಕಣ್ಣು ತೆರೆಯದೆ ಮೂವತ್ತೇಳು ದಿನ ಮಲಗಿದ್ದರು. "ಮಲಗಿದ್ದಾರೆ" ಅಂತ ನಾನು ನಿನಗೆ ಬರೆದದ್ದು ಸುಳ್ಳಲ್ಲ, ಆದರೆ ಸುಳ್ಳಿಗಿಂತ ಕೆಟ್ಟದ್ದು.

ಆವತ್ತು ಡಾಕ್ಟರು ರಿಜಿಸ್ಟರ್ ನೋಡಿ, "ಎರಡು ಸಹಿ ಇದೆ, ಸರಿ" ಎಂದು ಮುಚ್ಚಿದರು. ಮನೆಗೆ ಬಂದು ನಿನ್ನ ಕಾಲಿಗೆ ಬಿಸಿನೀರು ಹಾಕುವಾಗಲೇ ನನಗೆ ಹೊಳೆದದ್ದು, ಸಹಿ ಹಾಕಿದವಳು ಆವತ್ತು ಆಸ್ಪತ್ರೆಯಲ್ಲೇ ಇರಲಿಲ್ಲ ಅಂತ. ಮಾರನೆಯ ದಿನ ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ ನಾನೇ ತುಂಬಿದೆ. ಜನ ಸಾಲದೆ ಇನ್ನೂ ಎರಡು ಮೂರು ದಿನ ಬಂದಿದ್ದಳು ಅಂತ ಕ್ಲರ್ಕ್‌ಗೆ ಹೇಳಿ ಸರ್ಟಿಫಿಕೇಟೂ ಹಾಗೇ ಬರೆಸಿದೆ. ಅವರು ಹುಷಾರಾಗುತ್ತಾರೆ, ನೀನು ವಿಮಾನ ಹತ್ತುತ್ತೀಯ, ಯಾರಿಗೂ ಗೊತ್ತಾಗದೆ ಮುಗಿಯುತ್ತದೆ ಅಂದುಕೊಂಡಿದ್ದೆ. ಅವರು ಹೋದ ಮೇಲೆ ಮಗಳು ದೂರು ಕೊಟ್ಟಳು. ಮೊದಲ ವಿಚಾರಣೆಯಲ್ಲಿ ನೀನು ಪಕ್ಕದಲ್ಲೇ ಇದ್ದೆ, ಇಬ್ಬರೂ ನೋಡಿಯೇ ಕೊಟ್ಟೆವು ಎಂದು ನಾನು ಹೇಳಿಕೆ ಕೊಟ್ಟೆ. ಆಮೇಲೆ ನಿನಗೆ "ಕಾಗದದಲ್ಲಿ ಇರುವುದನ್ನೇ ಹೇಳು" ಅಂತ ಬರೆದೆ. ಹೆದರಿಕೆ ಕಣೇ. ಬರೀ ಹೆದರಿಕೆ.

ಮೊನ್ನೆ ಆ ಮಗಳು ಮನೆಗೇ ಬಂದಳು. ಕಿರುಚಾಡಲಿಲ್ಲ, ಅಳಲಿಲ್ಲ. ನೀರು ಕೊಟ್ಟರೆ ಕುಡಿದಳು. "ನೀವು ತಪ್ಪಾಗಿ ಎಳೆದಿರಿ, ಸರಿ. ಆದ್ರೆ ಪಕ್ಕದಲ್ಲೇ ನಿಂತು ನೋಡ್ತಿದ್ದವಳು ಯಾಕೆ ಸುಮ್ಮನಿದ್ಲು? ಅವಳಿನ್ನು ಬೇರೆ ದೇಶಕ್ಕೆ ಹೋಗಿ ಇದನ್ನೇ ಮಾಡ್ತಾಳಾ? ನರ್ಸಿಂಗ್ ಕೌನ್ಸಿಲ್‌ಗೂ ಬರೆದಿದ್ದೀನಿ" ಎಂದಳು. ನಿನಗೆ ಪರ್ಸ್ ಹೊಲಿದುಕೊಟ್ಟವಳು ಅವಳೇ. ನೀನು ಅಲ್ಲಿರಲೇ ಇಲ್ಲ ಅಂತ ಅವಳಿಗೂ ನಾನು ಹೇಳಲಿಲ್ಲ.

ಇಪ್ಪತ್ತೆರಡಕ್ಕೆ, ಗುರುವಾರ, ಎರಡನೇ ವಿಚಾರಣೆ. ಆವತ್ತು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನೀನು ಅಲ್ಲಿರಲಿಲ್ಲ, ಪುಟಕ್ಕೆ ಮೊದಲೇ ಸಹಿ ಹಾಕಿಸಿದವಳು ನಾನು, ಹಾಜರಿ ತಿದ್ದಿದವಳೂ ನಾನು. ನನ್ನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ನಿಮ್ಮಣ್ಣನಿಗೆ ಹೇಳಿದ್ದೇನೆ. ಮೊದಲೇ ಸಹಿ ಹಾಕಿದ್ದಕ್ಕೆ ನಿನಗೂ ಬೈಗುಳ ತಪ್ಪುವುದಿಲ್ಲ, ಒಂದಿಷ್ಟು ದಿನ ತಡವಾಗಬಹುದು. ಆದರೆ ನಿನ್ನ ಬದುಕು ಉಳಿಯುತ್ತದೆ.

ಒಂದೇ ಮಾತು. ಯಾರೇ ಬಂದು ಕೇಳಲಿ, ಎಂಟಕ್ಕೇ ರಿಲೀವ್ ಆದೆ, ಹತ್ತನೇ ತಾರೀಖು ವಾರ್ಡಿನಲ್ಲಿ ಇರಲಿಲ್ಲ ಎನ್ನು. ಇದ್ದೆ ಅಂತ ಮಾತ್ರ ಯಾವ ಕಾಗದಕ್ಕೂ ಸಹಿ ಹಾಕಬೇಡ. ಒಂದು ಸಲ ನೀನು ಅದಕ್ಕೆ ಸಹಿ ಹಾಕಿದರೆ, ನಾನು ನಿಜ ಹೇಳಿದರೆ ನೀನು ಸುಳ್ಳಿಯಾಗುತ್ತೀಯ, ಸುಳ್ಳು ಹೇಳಿದರೆ ಕೊಲೆಗಾರ್ತಿಯಾಗುತ್ತೀಯ. ಆಮೇಲೆ ನಿನ್ನನ್ನು ಉಳಿಸುವ ದಾರಿ ನನಗೆ ಕಾಣುವುದಿಲ್ಲ.

ಅತ್ತಿಗೆ


ಮೇ 20

ಅತ್ತಿಗೆಗೆ,

ಸಿಹಿಸುದ್ದಿ! ನನ್ನ ಪರಿಶೀಲನೆ ಇವತ್ತು ಮುಗಿದೇಹೋಯಿತು. ಮೇಡಂ ಇಡೀ ಕ್ಲಾಸಿನ ಎದುರು ನನ್ನನ್ನು ಹೊಗಳಿದರು, ಅದಕ್ಕೇ ತಡೆಯಲಾರದೆ ಸಂಜೆಯ ಚಹಾ ಕೂಡ ಬಿಟ್ಟು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಕರೆದರು. ಒಬ್ಬರು ವಯಸ್ಸಾದವರು, ಒಬ್ಬರು ಬರೆದುಕೊಳ್ಳುವವರು. ನರ್ಸಿಂಗ್ ಕೌನ್ಸಿಲ್‌ನಿಂದ ಬಂದಿದ್ದೇವೆ, ನಿಮ್ಮ ಕೆಲಸದ ದಾಖಲೆ ನೋಡಬೇಕು ಎಂದರು. ಪಕ್ಕದ ಮಂಚದವಳಿಗೆ ಬರೀ ತಾರೀಖು ಕೇಳಿದ್ದರು. ನನ್ನ ಸರದಿಗೆ ಮಾತ್ರ ಅವರ ಕೈಯಲ್ಲಿ ನಮ್ಮ ವಾರ್ಡಿನ ರಿಜಿಸ್ಟರಿನ ಪುಟವೇ ಇತ್ತು! ಅಷ್ಟು ದೂರದಿಂದ ಅದನ್ನೂ ತರಿಸಿದ್ದಾರೆ ನೋಡಿ, ಇವರ ಶಿಸ್ತೇ ಶಿಸ್ತು. ಒಂದು ಸಾಲಿನ ಮೇಲೆ ಬೆರಳಿಟ್ಟು, "ಈ ಸಹಿ ನಿಮ್ಮದಾ?" ಎಂದರು. ನನ್ನದೇ ಎಂದೆ. ನೋಡಿದರೆ ನಮ್ಮ ಟೈಲರ್ ತಾತನ ಇನ್ಸುಲಿನ್, ಮಾರ್ಚ್ ಹತ್ತು. ಸರ್ಟಿಫಿಕೇಟಿನಲ್ಲಿ ಹೆಚ್ಚಿಗೆ ಬಂದ ಆ ಮೂರು ದಿನಗಳಲ್ಲೇ ಒಂದು! ನಿಮ್ಮ ಮಾತು ನೆನಪಾಯಿತು, ಗಟ್ಟಿಯಾಗಿ ಕೂತೆ.

"ಹತ್ತನೇ ತಾರೀಖು ಮಧ್ಯಾಹ್ನ ನೀವು ವಾರ್ಡಿನಲ್ಲಿದ್ರಾ?" ಎಂದರು. ಇದ್ದೆ ಸಾರ್. "ಕೊಡೋವಾಗ ಪಕ್ಕದಲ್ಲೇ ನಿಂತಿದ್ರಾ? ಏನೇನು ನೋಡಿದ್ರಿ?" ನಮ್ಮ ಪಾಠದಲ್ಲಿ ಬಂದಿದ್ದ ಪ್ರಶ್ನೆಯೇ! ಪಟಪಟ ಹೇಳಿದೆ: ರೋಗಿಯ ಹೆಸರು ಕೇಳಿದೆ, ಸೀಸೆಯ ಮೇಲಿನ ಅಂಕಿ ಓದಿದೆ, ಸಿರಿಂಜು ಅದಕ್ಕೆ ಹೊಂದುತ್ತದಾ ಅಂತ ನೋಡಿದೆ, ಗೆರೆ ನೋಡಿದೆ, ಆಮೇಲೆ ಸಹಿ ಹಾಕಿದೆ. "ಸೀಸೆ ನೀವೇ ನೋಡಿದ್ರಾ? ಖಂಡಿತಾನಾ?" ಎಂದು ಎರಡು ಸಲ ಕೇಳಿದರು. ಕಣ್ಣಾರೆ ನೋಡಿದೆ ಸಾರ್, ನೋಡದೆ ನಾನು ಸಹಿ ಹಾಕುವುದೇ ಇಲ್ಲ ಎಂದೆ. ಎಲ್ಲವನ್ನೂ ಬರೆದುಕೊಂಡು ಓದಿ ಹೇಳಿದರು. ಕೆಳಗೆ ಸಹಿ ಹಾಕಿದೆ, ಹೆಬ್ಬೆಟ್ಟನ್ನೂ ಒತ್ತಿಸಿಕೊಂಡರು.

ಏಳುವಾಗ, "ತಾತ ಈಗ ಮನೆಗೆ ಹೋಗಿರಬೇಕಲ್ಲ ಸಾರ್?" ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಪಾಪ, ಅವರಿಗೆ ರೋಗಿಗಳ ವಿಷಯ ಏನು ಗೊತ್ತಿರುತ್ತದೆ.

ಆ ವಯಸ್ಸಾದವರು ಹೋಗುವಾಗ ಹೇಳಿದರು, ನಿಮ್ಮನ್ನೂ ಗುರುವಾರ ಕೇಳುತ್ತಾರಂತೆ, ನಿಮ್ಮ ಹೇಳಿಕೆಯೂ ನನ್ನದೂ ಹೊಂದಬೇಕಂತೆ. ಈ ಪತ್ರ ಅಷ್ಟರೊಳಗೆ ನಿಮ್ಮ ಕೈ ಸೇರುತ್ತದೋ ಇಲ್ಲವೋ. ಆದರೂ ನನಗೆ ಹೆದರಿಕೆಯಿಲ್ಲ. ನೀವು ಹೇಳಿಕೊಟ್ಟದ್ದನ್ನೇ ನಾನು ಹೇಳಿದ್ದೇನೆ. ನೀವು ಬೇರೆ ಏನು ಹೇಳುತ್ತೀರಿ?

ನಿಮ್ಮ ಚೂಟಿ